ನೇರ ಗೆರೆಯ ಹದಿನೇಳು ಗಂಟೆ

"ಬಂದ್ರಾ? ಆಫ್ರಿಕಾ ಸುತ್ತಿದ್ದಾಯ್ತಾ?"

ಲಗ್ಗೆರೆಯ ಯಮುನಾಳ ಮನೆಯ ಮೆಟ್ಟಿಲ ಮೇಲೆ ಸೂಟ್‌ಕೇಸ್ ಹಿಡಿದು ನಿಂತ ಶಶಿಕುಮಾರನಿಗೆ ಅವಳು ಒಳಗೆ ಬನ್ನಿ ಎಂದೂ ಹೇಳಲಿಲ್ಲ. ಸಂಜೆಯ ಹೊತ್ತು, ಕೆಳಗೆ ಶಾಮಿಯಾನದವರು ಕುರ್ಚಿ ಮಡಚುತ್ತಿದ್ದರು.

ಆ ದಿನ ಬೆಳಿಗ್ಗೆ ಇವರಿಬ್ಬರ ನಿಶ್ಚಿತಾರ್ಥ ಆಗಬೇಕಿತ್ತು. ನೆಂಟರು ಬಂದರು, ಉಂಡರು, ಗಂಡಿಲ್ಲದ ಹಸೆಮಣೆ ನೋಡಿ ಮುಸಿಮುಸಿ ನಕ್ಕು ಹೋದರು.

ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಶಶಿ, ಯಂತ್ರವೊಂದನ್ನು ಕೂರಿಸಿಕೊಡಲು ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗಿದ್ದ. ಹೋಗುವ ಮುಂಚೆ ಅವಳ ಅಪ್ಪ ನಂಜಪ್ಪನವರಿಗೆ ಮೊಬೈಲಿನಲ್ಲಿ ಒಂದು ಪುಟ ತೋರಿಸಿದ್ದ. ಎರಡು ವಿಮಾನ ನಿಲ್ದಾಣಗಳ ನಡುವೆ ಒಂದು ನೇರ ಗೆರೆ. ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನೇಳು ಗಂಟೆ. "ಹಿಂದಿನ ದಿನಾನೇ ಇಲ್ಲಿರ್ತೀನಿ ಮಾವ" ಅಂದಿದ್ದ.

ನೆಂಟರೆಲ್ಲ ಬಂದು ಕೂತ ಮೇಲೆ ಫೋನ್ ಬಂತು. ಆಫ್ರಿಕಾದ ಅಡಿಸ್ ಅಬಾಬದಲ್ಲಿ ಇಳಿದಿದ್ದೀನಿ ಅಂತ ಶಶಿ ಹೇಳುವಷ್ಟರಲ್ಲಿ ಯಮುನಾ ಸಿಟ್ಟಿಗೆ ಫೋನ್ ಆಫ್ ಮಾಡಿಬಿಟ್ಟಿದ್ದಳು.

"ನೇರ ದಾರಿ ಇರೋವಾಗ ನಡುವೆ ಯಾಕ್ರೀ ಇಳಿದ್ರಿ? ಯಾರಿದ್ಲು ಅಲ್ಲಿ?"

"ಅಯ್ಯೋ, ನೇರ ವಿಮಾನನೇ ಇಲ್ಲ ಕಣೇ. ಎಲ್ಲೂ ಇಳೀದೆ ಹಾರಿದ್ರೆ ಎಷ್ಟು ಹೊತ್ತು ಅಂತ ಆ ಪುಟ ಲೆಕ್ಕ ಹಾಕಿತ್ತು. ನಿಜವಾದ ದಾರೀಲಿ ಇಳೀಬೇಕು, ಕಾಯ್ಬೇಕು, ಮತ್ತೆ ಹತ್ಬೇಕು."

"ಇದು ನಿಮ್ಗೆ ಯಾವಾಗ ಗೊತ್ತಾಯ್ತು?"

ಅವನು ತಲೆ ತಗ್ಗಿಸಿದ. "ಹೊರಡೋ ಮುಂಚೆ, ಹೋಗಿ ಬರೋ ಟಿಕೆಟ್ ಕೈಗೆ ಬಂದಾಗ... ಹೋದ ವಾರ."

ಹೋದ ವಾರ...! ಇದಕ್ಕಿಂತ ಬೆಳಿಗ್ಗೆಯಿಂದ ಅನುಮಾನಕ್ಕೆ ಉರಿದಿದ್ದೇ ವಾಸಿ ಎನಿಸಿತು ಅವಳಿಗೆ.

"ಆಗ್ಲೇ ಹೇಳಿದ್ರೆ ಶಾಸ್ತ್ರ ಸಂಜೆಗೆ ಇಟ್ಕೊತಿದ್ವಿ. ನಮ್ಮಪ್ಪ ಅಷ್ಟು ಜನದ ಮುಂದೆ ಕೈ ಮುಗಿದು ನಿಂತ್ರು ಕಣ್ರೀ."

"ಮಾತು ಕೊಟ್ಬಿಟ್ಟಿದ್ದೆ. ತಪ್ಪು ಹೇಳ್ಬಿಟ್ಟೆ ಅನ್ನೋಕೆ ನಾಚ್ಕೆ ಆಯ್ತು."

"ನಾಚ್ಕೆ ನಿಮ್ದು, ಹೋಗಿದ್ದು ನಮ್ಮ ಮಾನ."

ಒಳಗಿನಿಂದ ನಂಜಪ್ಪನವರ ದನಿ ಬಂತು. "ಯಮುನಾ, ಅವ್ರ ಮನೆಯವ್ರು ಬೆಳಿಗ್ಗೆ ತಂದಿಟ್ಟ ತಾಂಬೂಲ ವಾಪಸ್ ಕಳ್ಸು ಅಂದಿದ್ನಲ್ಲ, ಕಳ್ಸಿದ್ಯಾ?"

ತಾಂಬೂಲದ ತಟ್ಟೆ ಹಿಂದಕ್ಕೆ ಹೋಯಿತೆಂದರೆ ಸಂಬಂಧ ಮುರಿದಂತೆ. ಶಶಿಯ ಮುಖ ಬಿಳಿಚಿಕೊಂಡಿತು.

ಯಮುನಾ ಅಡುಗೆಮನೆಗೆ ಹೋಗಿ ತಟ್ಟೆ ತಂದಳು. ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಅವನು ಸರಿಸಿ ನೋಡಿದ. ಅಂಥ ಸೆಕೆಯಲ್ಲೂ ಒಂದು ವೀಳ್ಯದೆಲೆಯೂ ಬಾಡಿರಲಿಲ್ಲ.

"ಬೆಳಿಗ್ಗೆಯಿಂದ ನೀರು ಚಿಮುಕಿಸ್ತಿದ್ಯಾ...?"

"ನಿಮ್ಮನ್ನ ಬೈಕೊಂಡೇ ಚಿಮುಕಿಸ್ದೆ."

ಅವನ ಕಣ್ಣು ತುಂಬಿತು.

"ಅಳ್ಬೇಡಿ. ಅಪ್ಪನತ್ರ ನಿಜ ಹೇಳಿ. ಹೋದ ವಾರನೇ ಗೊತ್ತಿತ್ತು ಅನ್ನೋದನ್ನೂ."

ಹೇಳಿದ. ನಂಜಪ್ಪ ಬಾಯಿಗೆ ಬಂದಂತೆ ಬೈದರು. ಬೈದು ಸುಸ್ತಾದ ಮೇಲೆ ಮಗಳ ಕೈಯಲ್ಲಿದ್ದ ಹಸಿರೆಲೆಗಳ ಕಡೆ ನೋಡಿದರು.

"ನಿಮ್ಮಪ್ಪ ಅಮ್ಮನ್ನ ಕರ್ಕೊಂಡ್ಬಾ ಹೋಗು. ಕುರ್ಚಿಯವ್ರಿಗೆ ಮಡಚೋದು ನಿಲ್ಸೋಕೆ ಹೇಳು."

ಶಶಿ ಮೆಟ್ಟಿಲಿಳಿಯುತ್ತ ತಿರುಗಿ ನೋಡಿದ. "ನಮ್ಮನೆ ಸುಂಕದಕಟ್ಟೆ ತಾನೆ, ಹತ್ತೇ ನಿಮಿಷ. ಬಂದ್ಬಿಡ್ತೀನಿ."

"ಟ್ರಾಫಿಕ್ ಸೇರಿಸ್ಕೊಂಡು ಹೇಳಿ."

"...ಮುಕ್ಕಾಲು ಗಂಟೆ."

"ಹೂಂ," ಎಂದಳು ಯಮುನಾ, ಒದ್ದೆ ಬಟ್ಟೆಯನ್ನು ಮತ್ತೆ ಎಲೆಗಳ ಮೇಲೆ ಹೊದಿಸುತ್ತ. "ಅಲ್ಲಿವರೆಗೂ ಬಾಡ್ದಂಗೆ ನೋಡ್ಕೊತೀನಿ."