ಗಾಜು ಊದುವವನ ಒಂದು ದಿನ

ಒಂದೂರು. ಆ ಊರಿನಲ್ಲಿ ಬೆಂಕಿಯ ಮುಂದೆ ನಿಂತು ಗಾಜಿಗೆ ಉಸಿರು ತುಂಬುವವನೊಬ್ಬನಿದ್ದನಂತೆ. ಅವನು ಊದಿದರೆ ಹೂಜಿ, ಅವನು ಊದಿದರೆ ದೀಪದ ಬುರುಡೆ. ಆದರೆ ಅವನ ಹೊಟ್ಟೆಯಲ್ಲಿ ಮಾತ್ರ ವರ್ಷಕ್ಕೊಂದು ಕಲ್ಲು ಹುಟ್ಟುತ್ತಿತ್ತಂತೆ. ಅದನ್ನು ತಡೆಯುವ ದಾರಿ ತೋರಿಸುತ್ತೇನೆಂದು ಹುಡುಗಿಯೊಬ್ಬಳು ಬಂದಳಂತೆ. ಬದಲಿಗೆ ಅವಳು ಕೇಳಿದ್ದು ಅವನ ಬದುಕಿನ ಒಂದು ದಿನ.

ಅಜ್ಜಿ ಇದ್ದಿದ್ದರೆ ಹೀಗೆ ಶುರು ಮಾಡುತ್ತಿದ್ದಳು. ಆ ಹುಡುಗಿ ನಾನು. ಏಳು ವರ್ಷದ ಹಿಂದಿನ ಮಾತು.

ಆಗ ನಾನು ಕಿಡ್ನಿ ಡಾಕ್ಟರೊಬ್ಬರ ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದೆ. ಅವನು ನನ್ನ ಕಿಟಕಿಯ ಮುಂದೆ ಬಂದು ಒಂದು ಬೆಂಕಿಪೊಟ್ಟಣ ಇಟ್ಟ. ತೆರೆದರೆ ಹತ್ತಿಯ ಮೇಲೆ ಕಂದು ಬಣ್ಣದ, ಮುಳ್ಳುಮುಳ್ಳಾದ ಒಂದು ಕಲ್ಲು.

"ನಂದೇ ಮೇಡಂ. ಮೂರನೇದು."

"ಮನೇಲಿ ಇನ್ಯಾರಿಗಾದ್ರೂ ಇತ್ತಾ?"

"ಅಪ್ಪನಿಗಿತ್ತು. ನಮ್ಮ ಮನೆತನದಲ್ಲಿ ಪಾಲಾಗದೆ ಉಳಿದಿರೋ ಆಸ್ತಿ ಇದೊಂದೇ."

ನಗಬಾರದೆಂದುಕೊಂಡೆ. ತುಟಿ ಕೇಳಲಿಲ್ಲ. ಅವನು ಅದನ್ನು ನೋಡಿಬಿಟ್ಟ.

ಡಾಕ್ಟರಿಗೆ ನಗು ಬಂದಿರಲಿಲ್ಲ. ಅವನ ಎಡಗಡೆಯ ಕಿಡ್ನಿ ಆಗಲೇ ಬಾತಿತ್ತು. "ಇನ್ನೊಂದು ಕಲ್ಲು ಅಡ್ಡ ಕೂತು, ನೀನು ಈ ಸಲದ ಹಾಗೆ ಹಲ್ಲು ಕಚ್ಕೊಂಡು ಕೆಲಸ ಮಾಡ್ತಾ ಇದ್ರೆ, ಆ ಕಿಡ್ನಿ ಉಳಿಯುತ್ತೆ ಅಂತ ನಾನು ಹೇಳಲಾರೆ" ಎಂದಿದ್ದರು. ಕಲ್ಲು ಯಾಕೆ ಮತ್ತೆ ಮತ್ತೆ ಬೆಳೆಯುತ್ತಿದೆ ಎಂದು ತಿಳಿಯದೆ ಔಷಧಿ ಬರೆಯುವಂತಿರಲಿಲ್ಲ. ಅದಕ್ಕೆ ಇಪ್ಪತ್ನಾಲ್ಕು ಗಂಟೆಯ ಮೂತ್ರ ಪರೀಕ್ಷೆಯಾಗಬೇಕಿತ್ತು.

ದೊಡ್ಡ ಕ್ಯಾನು ಕೊಟ್ಟು ವಿವರಿಸಿದೆ. "ಬೆಳಗ್ಗೆ ಎದ್ದಾಗಿನ ಮೊದಲನೇದು ಬಿಟ್ಟುಬಿಡಿ. ಆಮೇಲಿಂದ ಮಾರನೇ ಬೆಳಗ್ಗೆ ಎದ್ದಾಗಿನದೂ ಸೇರಿ, ಎಲ್ಲಾ ಇದಕ್ಕೆ."

ದಿನವಿಡೀ ಕುಲುಮೆಯ ಮುಂದೆ ನಿಲ್ಲುವವನ ಕಿವಿ, ನನ್ನ ಮುಂದೆ ನಿಂತು ಕೆಂಪಾಯಿತು.

ಮೂರನೇ ದಿನ ಬಂದ. ಒಂದಲ್ಲ, ಎರಡು ಕ್ಯಾನು! ನಾಲ್ಕು ಲೀಟರಿನ ಹತ್ತಿರ. ನಲ್ಲಿ ನೀರಿನಷ್ಟು ತಿಳಿ. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದವನ ಹಾಗೆ ನಿಂತಿದ್ದ.

"ಆವತ್ತು ಕೆಲಸಕ್ಕೆ ಹೋಗಿದ್ರಾ?"

"ರಜೆ ಹಾಕಿದ್ದೆ. ಮನೇಲೇ ಕೂತು ಬರೀ ನೀರು ಕುಡಿದೆ. ಕಡಿಮೆಯಾದ್ರೆ ನೀವು ಏನಂದ್ಕೋತೀರೋ ಅಂತ..."

"ಅಯ್ಯೋ ಮಾರಾಯ್ರೇ! ನಂಗೆ ಬೇಕಾಗಿರೋದು ನಿಮ್ಮ ಒಳ್ಳೇ ದಿನ ಅಲ್ಲ. ನಿಮ್ಮ ದಿನ."

ಅವನು ತಲೆ ತಗ್ಗಿಸಿದ. ಜೊತೆಗೆ ಬಂದಿದ್ದ ಅವನ ಅಕ್ಕ ಬಾಯಿ ಹಾಕಿದಳು. "ನೋಡಮ್ಮಾ, ಕಲ್ಲಲ್ಲಿ ಕ್ಯಾಲ್ಸಿಯಂ ಇರುತ್ತಂತೆ. ಹಾಲು ಮೊಸರು ಎಲ್ಲಾ ನಿಲ್ಲಿಸಿಬಿಟ್ಟಿದ್ದೀನಿ."

"ನಿಲ್ಲಿಸ್ಬೇಡಿ ಅಕ್ಕ. ಊಟದ ಜೊತೆ ಮೊಸರಿದ್ರೆ, ಕಲ್ಲು ಕಟ್ಟೋ ಆಕ್ಸಲೇಟನ್ನ ಅದು ಕರುಳಲ್ಲೇ ಹಿಡಿದಿಡುತ್ತೆ. ಕಡಿಮೆ ಮಾಡ್ಬೇಕಾಗಿರೋದು ಉಪ್ಪು."

"ಉಪ್ಪಾ? ಇವನು ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಕೊಂಡೇ ಊಟಕ್ಕೆ ಕೂರೋದು!" ಎಂದವಳು ತಮ್ಮನ ಬೆನ್ನಿಗೊಂದು ಗುದ್ದಿದಳು. "ನನ್ನ ಮಾತಂತೂ ಕೇಳಲ್ಲ. ನೀವೇ ಹೇಳಿ. ನೀವು ಹೇಳಿದ್ರೆ ಕೇಳ್ತಾನೆ, ನಂಗೊತ್ತು."

ಅವನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಎರಡನೇ ಸಲದ ಕ್ಯಾನೂ ಕೆಟ್ಟಿತು. ಕಾರ್ಖಾನೆಗೆ ಒಯ್ಯಲು ನಾಚಿಕೆಯಾಗಿ ಅದನ್ನು ಮನೆಯಲ್ಲೇ ಬಿಟ್ಟುಹೋಗಿದ್ದ. ಹಗಲಿನ ಲೆಕ್ಕವೇ ಇರಲಿಲ್ಲ. ನನಗೆ ರೇಗಿಹೋಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನೇರ ಅವನ ಕಾರ್ಖಾನೆಗೆ ಹೋದೆ.

ಬೈಯಲೆಂದು ಹೋದವಳು ಬಾಗಿಲಲ್ಲೇ ನಿಂತೆ.

ಉದ್ದನೆಯ ಕೊಳವೆಯ ತುದಿಯಲ್ಲಿ ಜೇನಿನಂಥ ಗಾಜು. ಅವನು ಅದನ್ನು ತಿರುಗಿಸುತ್ತಲೇ ಇದ್ದ. ಅರೆಗಳಿಗೆ ನಿಲ್ಲಿಸಿದರೂ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಅಂಗಿ ಒದ್ದೆಯಾಗಿ, ಒಣಗಿ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಕೆನ್ನೆ ಉಬ್ಬಿಸಿ ಊದಿದ. ಕೊಳವೆಯ ತುದಿಯ ಆ ಬೆಳಕಿಗೆ ಹೊಟ್ಟೆ ಬಂತು. ನನ್ನ ಸಿಟ್ಟು ಆ ಕಾವಿನಲ್ಲಿ ಎಲ್ಲೋ ಕರಗಿಹೋಯಿತು.

"ಟಾಯ್ಲೆಟ್ ಎಲ್ಲಿದೆ?" ಎಂದೆ. ಅವನನ್ನು ಹಾಗೆ ನೋಡಿದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು!

ಅವನು ಅಂಗಳದ ಆಚೆ ತುದಿ ತೋರಿಸಿದ. "ಹೋಗಿ ಬರೋಷ್ಟರಲ್ಲಿ ಕೆಲಸ ಕೆಡುತ್ತೆ ಮೇಡಂ. ಅದಕ್ಕೇ ಮಧ್ಯಾಹ್ನದವರೆಗೆ ನೀರು ಮುಟ್ಟಲ್ಲ. ಹದಿನೇಳು ವರ್ಷದಿಂದ ಹೀಗೇ."

ಬೆವರಿನಲ್ಲಿ ನೀರೆಲ್ಲ ಹೋಗಿ, ಉಳಿದದ್ದು ಕಲ್ಲು ಕಟ್ಟುತ್ತಿತ್ತು. ಲ್ಯಾಬಿನ ಯಾವ ಯಂತ್ರವೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

"ಇದನ್ನ ಡಾಕ್ಟರಿಗೆ ಹೇಳ್ಬೇಕು ತಾನೇ?"

"ಹೇಳ್ಬಹುದಿತ್ತು. ಆದ್ರೆ ಅಲ್ಲಿ ನೀವಿದ್ರಲ್ಲ." ಕೊಳವೆ ತಿರುಗಿಸುತ್ತಲೇ, ನನ್ನ ಕಡೆ ನೋಡದೆ ಕೇಳಿದ, "ಮೇಡಂ, ನೀವು ನನ್ನ ಮದುವೆಯಾಗ್ತೀರಾ?"

ನನ್ನ ಎದೆಯ ಬಡಿತ ಕುಲುಮೆಯ ಸದ್ದನ್ನೂ ಮೀರಿತು.

"ನಿಮ್ಮ ಒಂದು ದಿನ ತಂದುಕೊಡಿ," ಎಂದೆ. "ಬೆವರಿದ್ದು, ಬಾಯಾರಿದ್ದು, ಎಲ್ಲಾ ಇದ್ದ ಹಾಗೇ. ನನ್ನ ಮುಂದೆ ಚೆನ್ನಾಗಿ ಕಾಣೋಕೆ ಕಿಡ್ನಿ ಕಳ್ಕೊಳ್ಳೋನು ನಂಗೆ ಬೇಡ. ಅದು ಬಂದ ಮೇಲೆ ಉತ್ತರ ಕೊಡ್ತೀನಿ."

"ಖಂಡಿತ ತರ್ತೀನಿ."

ಹತ್ತೊಂಬತ್ತು ದಿನ ಬರಲಿಲ್ಲ. ಫೋನ್ ಸದ್ದಾದಾಗಲೆಲ್ಲ ನೋವು ಬಂದು ಅವನನ್ನೇ ಹೊತ್ತು ತರುತ್ತಿದ್ದಾರೇನೋ ಎಂದು ಜೀವ ಹಾರುತ್ತಿತ್ತು. ಹಾಗೆ ಕಠಿಣವಾಗಿ ಹೇಳಬಾರದಿತ್ತು ಅನ್ನಿಸಿತು. ಈಗ ನೆನೆದರೆ, ಆ ಹತ್ತೊಂಬತ್ತು ದಿನಗಳೇ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿವೆ. ಕಾರಿಡಾರಿನ ಚಪ್ಪಲಿ ಸದ್ದುಗಳನ್ನು ಒಂದೊಂದಾಗಿ ಗುರುತಿಸಿ, ಇದಲ್ಲ, ಇದೂ ಅಲ್ಲ ಎಂದುಕೊಳ್ಳುತ್ತಿದ್ದ ಬೆಳಗುಗಳು.

ಇಪ್ಪತ್ತನೇ ಬೆಳಗ್ಗೆ ಆ ಸದ್ದು ಬಂತು.

ಕ್ಯಾನನ್ನು ಚೀಲದಲ್ಲಿ ಮುಚ್ಚಿರಲಿಲ್ಲ. ಬೀದಿಯುದ್ದಕ್ಕೂ ಹಾಗೇ ಹಿಡಿದು ತಂದಿದ್ದ. ತಳದಲ್ಲಿ ಸ್ವಲ್ಪವೇ ಸ್ವಲ್ಪ, ಕಡು ಚಹಾದ ಬಣ್ಣ.

"ಅವತ್ತಿಂದ ದಿನಾ ಜಾಸ್ತಿ ನೀರು ಕುಡೀತಿದ್ದೆ, ನಿಮ್ಮ ಮೇಲಿನ ಭಯಕ್ಕೆ. ಅದೂ ಸುಳ್ಳು ದಿನವೇ ಆಗ್ತಿತ್ತಲ್ಲ? ಹಳೇ ನಾನು ವಾಪಸ್ ಬರೋದಕ್ಕೆ ಇಷ್ಟು ದಿನ ಹಿಡೀತು."

ಜೊತೆಗೊಂದು ಹಾಳೆ. ಪ್ರತಿ ಸಲದ ಹೊತ್ತು ಬರೆದಿದ್ದ. ನಾಲ್ಕೇ ಸಾಲು. ಕೆಳಗೆ ಸಣ್ಣ ಅಕ್ಷರದಲ್ಲಿ: 'ಹನ್ನೊಂದು ಗಂಟೆಗೆ ತುಂಬಾ ಬಾಯಾರಿತು. ನಿಮ್ಮ ನೆನಪಾಯಿತು. ಆದರೂ ಎಂದಿನಂತೆ ಕುಡಿಯಲಿಲ್ಲ.'

ಕಣ್ಣು ಮಂಜಾಗಿ ಅಳತೆಯ ಗೆರೆ ಕಾಣಲಿಲ್ಲ. ಒರೆಸಿಕೊಂಡು ಮತ್ತೆ ನೋಡಿದೆ. ಏಳುನೂರ ಎಂಬತ್ತು ಮಿಲಿಲೀಟರ್. ರಿಜಿಸ್ಟರಿನಲ್ಲಿ ಬರೆದೆ. ಫ್ರಿಜ್ಜಿನ ಮೇಲಿದ್ದ ನನ್ನ ಬಾಟಲಿ ತೆಗೆದು ಅವನ ಮುಂದಿಟ್ಟೆ.

"ದಿನ ಮುಗೀತು," ಎಂದೆ. "ಇನ್ನು ಕುಡೀರಿ. ನಾಳೆಯಿಂದ ನೀವು ನೀರು ಕುಡಿಯೋವಾಗ ಆ ಕೊಳವೆ ತಿರುಗಿಸೋಕೆ ಜೊತೆಗೊಬ್ಬರನ್ನ ನಿಲ್ಲಿಸ್ಕೊಳ್ಳಿ. ಮದುವೆಗೂ ಒಪ್ಪಿದೀನಿ."