ಗುಂಡುಸೂಜಿಯ ಜೋಗುಳ

"ಸಾಕು, ಸಾಕು! ಬೆಂಚು ಮುರಿದು ಕೈಗೆ ಬರುತ್ತೆ!"

ಮಿಸ್ ಮೇಜಿನ ಮೇಲಿದ್ದ ಪುಟ್ಟ ಸ್ಪೀಕರನ್ನು ಗಬಕ್ಕನೆ ಹಿಡಿದು ಆಫ್ ಮಾಡಿದರು. ಹಾಡು ನಿಂತರೂ ಹಿಂದಿನ ಬೆಂಚಿನ ಮೈಕ್ ಇನ್ನೂ ಸೊಂಟ ಕುಣಿಸುತ್ತಲೇ ಇದ್ದ. ದೊಡ್ಡ ಗಂಟಲಿನ ಆ ಹುಡುಗನಿಗೆ ಎಲ್ಲರೂ ಇಟ್ಟ ಹೆಸರು ಅದು.

"ಈಗ ಹೇಳು. ನಿಮ್ಮನೇಲಿ ಈ ಹಾಡು ಯಾವಾಗ ಹಾಕ್ತೀರಿ? ಯಾಕೆ?"

"ಬೆಳಿಗ್ಗೆ ಮಿಸ್. ಇದನ್ನ ಜೋರಾಗಿ ಹಾಕಿದ್ರೆ ಮಾತ್ರ ನಮ್ಮಣ್ಣ ಬಾತ್‌ರೂಮಿಂದ ಹೊರಗೆ ಬರ್ತಾನೆ. ಅವನಿಗೆ ಈ ಹಾಡು ಕಂಡ್ರೆ ಆಗಲ್ಲ!"

ತರಗತಿ ಬಿದ್ದು ಬಿದ್ದು ನಕ್ಕಿತು.

ಮನೆಯಲ್ಲಿ ಯಾವ ಹಾಡು ಕೇಳುತ್ತೀರಿ, ಯಾಕೆ ಕೇಳುತ್ತೀರಿ? ಇದನ್ನು ಹೇಳುವುದೇ ಆ ದಿನದ ಆಟ. ಮನೆಯವರು ಹಾಡುಗಳನ್ನು ಮಿಸ್ ಫೋನಿಗೆ ಮೊದಲೇ ಕಳಿಸಿದ್ದರು.

ಮೂರನೇ ಬೆಂಚಿನ ಹುಡುಗಿಗೆ ಮಾತ್ರ ನಗು ಬರಲಿಲ್ಲ. ಅವಳ ಮನೆಯಿಂದ ಯಾವ ಹಾಡೂ ಬಂದಿರಲಿಲ್ಲ. ಆ ಮನೆಯಲ್ಲಿ ಹಾಡೇ ಇರಲಿಲ್ಲ.

ಅಪ್ಪನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಊರೆಲ್ಲ ಮಲಗಿದಾಗ ಅವನು ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸುತ್ತಾನೆ. ಊರೆಲ್ಲ ಎದ್ದಾಗ ಬಂದು ಮಲಗುತ್ತಾನೆ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಅಲ್ಲಿ ಪಾತ್ರೆ ಇಡುವುದೂ ಮೆಲ್ಲಗೆ, ಬಾಗಿಲು ಹಾಕುವುದೂ ಮೆಲ್ಲಗೆ, ಬೈಯುವುದೂ ಮೆಲ್ಲಗೆ. ಸೀನು ಬಂದರೆ ದಿಂಬಿನಲ್ಲಿ ಮುಖ ಹುದುಗಿಸಬೇಕು.

ಹುಟ್ಟಿದಾಗ ಅವಳದು ಕಡ್ಡಿಯಂಥ ಮೈ, ಗುಂಡನೆಯ ತಲೆ. ಅದಕ್ಕೇ ಅಪ್ಪ, ಅಮ್ಮ ಅವಳನ್ನು ಗುಂಡುಸೂಜಿ ಎನ್ನುತ್ತಾರೆ. ಸ್ಕೂಲಿನಲ್ಲಿ ಈ ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಅವಳು ಜೋಪಾನವಾಗಿ ಕಾಪಾಡಿಕೊಂಡಿದ್ದಳು.

ಟಿವಿ ಹಾಡು ಯಾವುದಾದರೂ ಹೇಳಿಬಿಟ್ಟರಾಯಿತು ಎಂದು ಗುಂಡುಸೂಜಿ ಯೋಚಿಸುತ್ತಿದ್ದಾಗ ಎರಡು ಜಡೆಯ ಹುಡುಗಿ ಎದ್ದು ಮುಂದೆ ಹೋದಳು. ಈ ವರ್ಷವಷ್ಟೇ ಸೇರಿದವಳು. ಎಲ್ಲರಿಗೂ ಅವಳು ಬರೀ 'ಜಡೆ'.

"ಇದು ನನ್ನ ತಮ್ಮನ ಹಾಡು ಮಿಸ್. ಅವನಿಗಿನ್ನೂ ಒಂದು ವರ್ಷ ಆಗಿಲ್ಲ."

ಸ್ಪೀಕರಿನಿಂದ ಮೊದಲು ಫ್ಯಾನಿನ ಸದ್ದು ಬಂತು. ಆಮೇಲೆ ಮಗು ಕುಂಯ್‌ಗುಟ್ಟುವ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ.

*ಬಂದಿತೋ ನನ್ನ ಗುಂಡುಸೂಜಿ,*
*ದಾರಿ ನೋಡಿ ದಾಟಿತೋ...*

"ಗುಂಡುಸೂಜಿಗೆ ಜೋಗುಳಾನಾ?" ಮೈಕ್ ಕಿರುಚಿದ. "ಹಾಗಾದ್ರೆ ಸ್ಟೇಪ್ಲರ್‌ಗೂ ಒಂದು ಹಾಡಿ ಮಿಸ್!"

ಎಲ್ಲರೂ ಗೊಳ್ಳೆಂದರು. ಗುಂಡುಸೂಜಿ ತಲೆ ತಗ್ಗಿಸಿ ಬೆಂಚಿಗೆ ಅಂಟಿ ಕೂತಳು.

*ಬೀಗದ ಕೈ ಜೇಬಲ್ಲಿತ್ತೋ,*
*ಬಾಗಿಲು ಮೆಲ್ಲ ತೆರೆಯಿತೋ,*
*ಮುಚ್ಚಿಟ್ಟ ತಟ್ಟೆ ಕಂಡಿತೋ,*
*ಉಂಡಿತೋ, ಹಾಗೇ ಮಲಗಿತೋ...*

ಅದು ಅಮ್ಮನ ದನಿ!

ಅಮ್ಮನದೇ, ಆದರೆ ಅವಳಿಗೆ ಗೊತ್ತಿದ್ದ ದನಿಯಲ್ಲ. ಗೊತ್ತಿದ್ದದ್ದು ಪಿಸುಮಾತಿನ ಅಮ್ಮ. ಇದು ತುಂಬಿದ ದನಿ, ಎಳೆದೆಳೆದು, ಏರಿ ಇಳಿದು ಹಾಡುವ ದನಿ. ಇಂಥ ಗಂಟಲನ್ನು ಅಮ್ಮ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳು?

ಜಡೆ ಹೇಳುತ್ತಿದ್ದಳು. "ನಮ್ಮಮ್ಮ ಆಫೀಸಿಗೆ ಹೋದಾಗ ತಮ್ಮನ್ನ ನೋಡ್ಕೊಳ್ಳೋಕೆ ಒಬ್ಬರು ಆಂಟಿ ಬರ್ತಾರೆ ಮಿಸ್. ಅವರು ಹಾಡಿದ್ರೇನೇ ಅವನು ಮಲಗೋದು. ಭಾನುವಾರ ಆಂಟಿ ಬರಲ್ಲ, ಅವನು ಅತ್ತು ಅತ್ತು ಮನೇನೇ ತಲೆ ಮೇಲೆ ಹೊತ್ಕೋತಾನೆ. ಅದಕ್ಕೆ ಒಂದು ದಿನ ರಜಾ ಇದ್ದಾಗ ಅಮ್ಮ ಬಾಗಿಲ ಹಿಂದೆ ನಿಂತು ರೆಕಾರ್ಡ್ ಮಾಡಿಬಿಟ್ರು. ಆಂಟಿಗೆ ಗೊತ್ತೇ ಇಲ್ಲ!"

"ತುಂಬಾ ಚೆನ್ನಾಗಿದೆ," ಎಂದರು ಮಿಸ್. "ನೆಕ್ಸ್ಟ್?"

ಗುಂಡುಸೂಜಿ ಎದ್ದು ನಿಂತಳು. ಯೋಚಿಸಿಟ್ಟಿದ್ದ ಟಿವಿ ಹಾಡು ಮರೆತೇಹೋಗಿತ್ತು.

"ನಮ್ಮನೇಲಿ ಹಾಡಿಲ್ಲ ಮಿಸ್."

"ಅಮ್ಮ ಏನೂ ಹಾಡಲ್ವಾ?"

"ನಮ್ಮಮ್ಮಂಗೆ ಹಾಡೋಕೆ ಬರಲ್ಲ," ಎಂದು ದಢಕ್ಕನೆ ಕೂತುಬಿಟ್ಟಳು.

ಸಂಜೆ ಅಮ್ಮ ಎಂದಿನಂತೆ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದಳು. ಪರದೆಯ ಆಚೆ ಅಪ್ಪನ ಗೊರಕೆ. ಗುಂಡುಸೂಜಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕಾಯುತ್ತಿದ್ದಳು.

"ಊಟ ಯಾಕೆ ಹಾಗೇ ಇದೆ?" ಅಮ್ಮ ಪಿಸುಗುಟ್ಟಿದಳು.

"ನೀನು ಹಾಡ್ತೀಯಂತೆ," ಗುಂಡುಸೂಜಿಯೂ ಪಿಸುಗುಟ್ಟಿದಳು.

"ಯಾರು? ನಾನಾ?"

"ಸುಳ್ಳು ಹೇಳ್ಬೇಡ. ಸ್ಕೂಲಲ್ಲಿ ಕೇಳಿದೆ. ಸ್ಪೀಕರಲ್ಲಿ."

"ಏನೇ ಅದು, ಬಿಡಿಸಿ ಹೇಳು."

"ನೀನು ನೋಡ್ಕೊಳ್ಳೋ ಪಾಪು ಇದೆಯಲ್ಲ, ಅದರ ಅಕ್ಕ ನಮ್ಮ ಕ್ಲಾಸು. ಅವರಮ್ಮ ರೆಕಾರ್ಡ್ ಮಾಡಿದಾರೆ. ಎಲ್ಲರೂ ಕೇಳಿ ನಕ್ಕರು. ನನಗೆ ಒಂದು ದಿನ ಆದ್ರೂ ಹಾಡಿದೀಯಾ ನೀನು? ಅವನಿಗೆ ಮಾತ್ರ ಹಾಡ್ತೀಯ. ಹೋಗಲಿ, ನನ್ನ..." ಪಿಸುಮಾತು ಒಮ್ಮೆಲೇ ಕೂಗಾಯಿತು. "ನನ್ನ ಹೆಸರು ಅವನಿಗ್ಯಾಕೆ ಕೊಟ್ಟೆ?"

ಆ ಮನೆಯ ಗೋಡೆಗಳು ಅಂಥ ಕೂಗನ್ನು ಕೇಳಿಯೇ ಇರಲಿಲ್ಲ. ಅಮ್ಮನ ಕೈಯಿಂದ ಮುಚ್ಚಳ ಜಾರಿ ಠಣಠಣನೆ ನೆಲದ ಮೇಲೆ ಉರುಳಿತು. ಗೊರಕೆ ನಿಂತಿತು.

"ಏನಾಯ್ತು? ಗ್ಯಾಸಾ? ಬೆಂಕಿನಾ?" ಅಪ್ಪ ಪರದೆಯನ್ನೇ ಮೈಗೆ ಸುತ್ತಿಕೊಂಡು ಓಡಿ ಬಂದ. ಕೂದಲು ನೆಟ್ಟಗೆ ನಿಂತಿತ್ತು.

ಅಮ್ಮ ನೆಲದ ಮೇಲೆ ಕುಸಿದು ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಬೈಗುಳಕ್ಕೆ ಸಿದ್ಧಳಾಗಿದ್ದ ಗುಂಡುಸೂಜಿಗೆ ಅದನ್ನು ನೋಡಿ ಗಾಬರಿಯಾಯಿತು.

"ಬಾಗಿಲ ಹಿಂದೆ ನಿಂತಿದ್ರಾ ಮೇಡಮ್?" ಅಮ್ಮ ಕೇಳಿದಳು. "ಕ್ಲಾಸಿನ ಮಕ್ಕಳೆಲ್ಲ ಕೇಳಿದ್ರಾ?"

"ಮಿಸ್ ಕೂಡ."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಲ್ಲಿ ನಾನು, ಆ ಕೂಸು ಬಿಟ್ರೆ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ನೀನು ಹಾಡ್ತೀಯಾ?" ಅಪ್ಪನ ಬಾಯಿ ತೆರೆದಂತೆಯೇ ಇತ್ತು.

"ಅದು ಹಾಡಲ್ಲ ರೀ. ಮಗು ಹಟ ಮಾಡುತ್ತೆ. ಬಾಯಿಗೆ ಬಂದದ್ದು ಏನೋ ಹೇಳ್ತಾ ತಟ್ತೀನಿ."

"ಬಾಯಿಗೆ ನನ್ನ ಹೆಸರೇ ಯಾಕೆ ಬಂತು?" ಎಂದಳು ಗುಂಡುಸೂಜಿ. ದನಿ ಈಗ ತಗ್ಗಿತ್ತು.

"ನನಗೇನು ಗೊತ್ತೇ? ಅದು ಮಲಗೋದೇ ನಿಮ್ಮ ಸ್ಕೂಲು ಬಿಡೋ ಹೊತ್ತಿಗೆ. ಕೈ ಅದನ್ನ ತಟ್ಟುತ್ತಿರುತ್ತೆ, ತಲೆ ಎಲ್ಲೋ ಇರುತ್ತೆ."

ಗುಂಡುಸೂಜಿ ಹಾಡಿನ ಸಾಲುಗಳನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು.

ಸ್ಕೂಲು ಬಿಡುವ ಹೊತ್ತು. ದೊಡ್ಡ ರಸ್ತೆಯಲ್ಲಿ ಅವಳು ಎರಡೂ ಕಡೆ ನೋಡಿ ದಾಟುವ ಹೊತ್ತು. ಜೇಬಿನಲ್ಲಿ ಬೀಗದ ಕೈ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಹೊತ್ತು. ಅಪ್ಪ ಏಳದ ಹಾಗೆ ಬಾಗಿಲು ತೆರೆದು, ಮುಚ್ಚಿಟ್ಟ ತಟ್ಟೆಯ ಮುಂದೆ ಒಬ್ಬಳೇ ಕೂರುವ ಹೊತ್ತು. ಆ ಹೊತ್ತಿನಲ್ಲಿ ತನ್ನನ್ನು ಯಾರೂ ನೋಡುತ್ತಿಲ್ಲ ಎಂದೇ ಅವಳು ತಿಳಿದಿದ್ದಳು.

ಅವಳು ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು.

"ನಾಳೆ ಮೇಡಮ್‌ಗೆ ಹೇಳ್ತೀನಿ," ಅಮ್ಮ ಎದ್ದಳು. "ಕೇಳಿದ್ದಿದ್ರೆ ನಾನೇ ಹಾಡಿ ಕೊಡ್ತಿದ್ದೆ. ಕದ್ದು ಯಾಕೆ ತಗೋಬೇಕು? ಕೆಲಸ ಹೋದ್ರೆ ಹೋಗಲಿ."

"ಹೇಳು," ಎಂದ ಅಪ್ಪ. "ಈಗ ಒಂದು ಸಲ ಹಾಡು, ಕೇಳೋಣ."

"ಹೋಗ್ರೀ, ನಾಚಿಕೆ ಇಲ್ವಾ ನಿಮಗೆ!"

"ಸರಿ, ನಾನು ಮಲಗಿದೀನಿ ಅಂದ್ಕೊಂಡು ಹಾಡು." ಅವನು ಪರದೆಯ ಆಚೆ ಹೋಗಿ ಸುಳ್ಳು ಗೊರಕೆ ಹೊಡೆದ.

ಗುಂಡುಸೂಜಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅಮ್ಮ ಅವಳ ತಲೆ ತಟ್ಟಿದಳು. ಹಾಡಲಿಲ್ಲ.

ಎರಡು ದಿನದ ಮೇಲೆ ಬಿಡುವಿನಲ್ಲಿ ಜಡೆ ನಲ್ಲಿಯ ಹತ್ತಿರ ಮುಖ ಊದಿಸಿಕೊಂಡು ನಿಂತಿದ್ದಳು.

"ಆಂಟಿ ಅಮ್ಮನ್ನ ಕೇಳಿಯೇಬಿಟ್ರು ಕಣೇ, ಹೇಳ್ದೆ ಕೇಳ್ದೆ ಯಾಕೆ ರೆಕಾರ್ಡ್ ಮಾಡಿದ್ರಿ ಅಂತ," ಎಂದು ಅವಳು ಪಕ್ಕದ ಬೆಂಚಿನ ಹುಡುಗಿಗೆ ಹೇಳುತ್ತಿದ್ದಳು. "ಅಮ್ಮ ಸಾರಿ ಕೇಳಿ ಡಿಲೀಟ್ ಮಾಡಿದ್ರು. ಮಿಸ್ ಫೋನಿಂದಾನೂ ತೆಗೆಸಿದ್ರು. ಇನ್ನು ಭಾನುವಾರ ಏನ್ ಗತಿ?"

ಸದ್ಯ, ಅಮ್ಮನ ಕೆಲಸ ಹೋಗಿರಲಿಲ್ಲ. ಗುಂಡುಸೂಜಿ ಬಾಟಲಿಗೆ ನೀರು ಹಿಡಿದಳು. ತುಂಬಿದ ಮೇಲೂ ಅಲ್ಲೇ ನಿಂತಳು.

"ನನಗೆ ಬರುತ್ತೆ ಆ ಹಾಡು," ಎಂದಳು. "ನೀನೇ ಹಾಡಬಹುದು. ಹೇಳಿಕೊಡ್ತೀನಿ."

"ನಿನಗೆ ಹೇಗೆ ಬರುತ್ತೆ? ಒಂದೇ ಸಲ ಕೇಳಿದ್ದಲ್ವಾ?"

"ಗುಂಡುಸೂಜಿ ನಾನೇ."

ಜಡೆಯ ಕಣ್ಣು ಅಗಲವಾಯಿತು. "ಹಂಗಾದ್ರೆ ಆಂಟಿ... ನಿನ್ನಮ್ಮನಾ? ಅಯ್ಯೋ! ನಾನು ಎಲ್ಲರ ಮುಂದೆ..."

"ಇರಲಿ ಬಿಡು. ಮೊದಲು ರಾಗ ಕೇಳು."

ಅವಳು ಮೆಲ್ಲಗೆ ಹಾಡಿದಳು. ಜಡೆ ಹಿಂದೆಯೇ ಹೇಳಿದಳು. ಬೀಗದ ಕೈ ಬಂದಾಗ ನಿಂತಳು.

"ನನ್ನ ತಮ್ಮನ ಹತ್ರ ಬೀಗದ ಕೈ ಎಲ್ಲಿದೆ?"

"ಅದನ್ನ ಬಿಡು. ನೀನು ಸ್ಕೂಲಿಗೆ ಬಂದ ಮೇಲೆ ಅವನದ್ದು ಏನು ಯೋಚನೆ ಬರುತ್ತೆ ನಿನಗೆ?"

ಜಡೆ ಯೋಚಿಸಿದಳು. "ಅವನು ಕುಂಡದ ಮಣ್ಣು ತಿಂತಾನೆ. ಇವತ್ತೂ ತಿಂದ್ನೋ ಏನೋ."

"ಹಾಂ, ಅದನ್ನೇ ಹಾಡು," ಎಂದಳು ಗುಂಡುಸೂಜಿ.