ಕಿವಿತುದಿಯ ಹನಿ

ಮೊದಲ ಭೇಟಿಯಲ್ಲೇ ಆಕೆ ಅವನಿಗೆ ಚೆನ್ನಾಗಿ ಬೈದಿದ್ದಳು. ಅವನು ಆಕೆಯ ಕ್ಲಿನಿಕ್ಕಿಗೆ ತಂದ ನಾಯಿಯ ಕಾಲ್ಬೆರಳಿನ ಸಂದಿಯಲ್ಲಿ ಉಬ್ಬಿ ಕೂತಿದ್ದ ಉಣ್ಣಿಯನ್ನು ಚಿಮಟದಿಂದ ಕಿತ್ತು ಅವನ ಮೂಗಿನ ಮುಂದೆ ಹಿಡಿದಿದ್ದಳು. ಇದು ಕುಡಿಯುವ ರಕ್ತ ಹಾಳಾಗಿ ಹೋಗಲಿ, ರಕ್ತಕ್ಕೆ ಬಿಟ್ಟುಹೋಗುವ ಕ್ರಿಮಿ ಪ್ರಾಣಕ್ಕೇ ಕುತ್ತು, ನಾಯಿ ಸಾಕುವವರಿಗೆ ಸ್ವಲ್ಪ ಕಣ್ಣಿರಬೇಕು ಎಂದಿದ್ದಳು.

ಅವನು ವಾಚ್ ರಿಪೇರಿಯವನು. ಕೂದಲೆಳೆಯಂಥ ಸ್ಪ್ರಿಂಗು ಕಾಣುವ ಕಣ್ಣಿಗೆ ಕಡಲೆಕಾಳಿನ ಗಾತ್ರದ ಉಣ್ಣಿ ಕಾಣಲಿಲ್ಲವೆಂದರೆ ಅವಮಾನ ತಾನೇ. ತಲೆ ತಗ್ಗಿಸಿ ನಿಂತ. ಹೋಗುವಾಗ ಮಾತ್ರ ಬಾಗಿಲಲ್ಲಿ ತಿರುಗಿ, ನಿಮ್ಮ ಕೈಯಲ್ಲಿರುವ ವಾಚು ನಾಲ್ಕು ನಿಮಿಷ ಹಿಂದಿದೆ, ಡಾಕ್ಟರಾದವರಿಗೂ ಸ್ವಲ್ಪ ಕಣ್ಣಿರಬೇಕು ಎಂದು ಹೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದುಹೋದ. ಆಕೆಗೆ ಮೈಯೆಲ್ಲ ಉರಿಯಿತು. ಅರ್ಧ ಗಂಟೆಯ ಮೇಲೆ ಅದನ್ನೇ ನೆನೆದು ನಗುವೂ ಬಂತು.

ಅವನ ನಾಯಿಯ ಹೆಸರು ಸಾಹೇಬ. ಕಂದು ಬಣ್ಣ, ಸೋಮಾರಿ ನಡೆ. ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿ, ಬಂದ ಗಿರಾಕಿಗಳೆಲ್ಲ ತನ್ನನ್ನು ದಾಟಿಯೇ ಒಳಗೆ ಹೋಗಬೇಕೆಂದು ಹಟ ಹಿಡಿದವನು.

ಆ ದಿನದಿಂದ ಸಾಹೇಬನ ಉಗುರುಗಳು ಬೇಗಬೇಗ ಬೆಳೆಯತೊಡಗಿದವು. ಕಿವಿಯಲ್ಲಿ ಕಸ ಸೇರತೊಡಗಿತು. ಒಮ್ಮೆ ಬರೀ ಆಕಳಿಸಿದ್ದಕ್ಕೂ ಅವನನ್ನು ಕ್ಲಿನಿಕ್ಕಿಗೆ ಕರೆತಂದದ್ದಾಯಿತು. ಆಕಳಿಕೆ ರೋಗವಲ್ಲ ಎಂದು ಆಕೆ ಹೇಳಿದರೆ, ನಿದ್ದೆ ಬಾರದೆ ಇರುವುದು ಅವನಿಗಲ್ಲ, ನನಗೆ ಎಂದ. ಆಕೆ ಕೇಳಿಸದವಳ ಹಾಗೆ ಹತ್ತಿ ಹುಡುಕಿದಳು. ಹತ್ತಿ ಕೈಯಲ್ಲೇ ಇತ್ತು.

ನಾಯಿಯನ್ನು ಇಬ್ಬರೂ ಸೇರಿ ಹಿಡಿದಾಗ ತಲೆಗಳು ಹತ್ತಿರ ಬರುತ್ತಿದ್ದವು. ದಿನವಿಡೀ ಭೂತಗಾಜು ಒತ್ತಿಟ್ಟು ಅವನ ಬಲಗಣ್ಣಿನ ಸುತ್ತ ಒಂದು ಉಂಗುರದ ಗುರುತು ಬಿದ್ದಿರುತ್ತಿತ್ತು. ಆಕೆ ಅದನ್ನು ಕದ್ದು ನೋಡುವಳು. ಅವನು ತಲೆ ಎತ್ತಿದ ಕೂಡಲೇ ನಾಯಿಯ ಹಲ್ಲು ನೋಡುವಳು. ಸಾಹೇಬ ಮಾತ್ರ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಡುವನು.

ಬೀದಿಯಲ್ಲಿ ಆಕೆಗೆ ಸೂಜಿ ಮೇಡಂ ಎಂದು ಹೆಸರು. ಯಾರು ಅತ್ತರೂ, ಯಾರು ಗೋಗರೆದರೂ ಕರಗುವವಳಲ್ಲ. ಜ್ವರ ಬಂದ ನಾಯಿಯ ರಕ್ತದಲ್ಲಿ ಕ್ರಿಮಿ ಹುಡುಕಬೇಕೆಂದರೆ ಕಿವಿಯ ತುದಿಗೇ ಚುಚ್ಚಬೇಕು, ಅಲ್ಲಿ ಒಸರುವ ಮೊದಲ ಹನಿಯನ್ನೇ ಗಾಜಿನ ಮೇಲೆ ತೆಳ್ಳಗೆ ಎಳೆಯಬೇಕು. ಆ ಸಣ್ಣ ನಾಳಗಳಲ್ಲಿ ರೋಗ ಹಿಡಿದ ಕಣಗಳು ಸಿಕ್ಕಿಕೊಂಡು ನಿಲ್ಲುತ್ತವೆ. ಕಾಲಿನ ದೊಡ್ಡ ನಾಳದಲ್ಲಾದರೆ ಎಷ್ಟೋ ಸಲ ಕಣ್ಣು ತಪ್ಪಿಸಿ ಹೋಗಿಬಿಡುತ್ತವೆ. ಕಿವಿಗೆ ಚುಚ್ಚಿದರೆ ನಾಯಿ ಕಿರುಚುತ್ತದೆ, ಸಾಕಿದವರ ಮುಖ ಬಾಡುತ್ತದೆ. ಬಾಡಲಿ ಬಿಡಿ ಎನ್ನುತ್ತಿದ್ದಳು ಆಕೆ.

ಸಾಹೇಬ ಊಟ ಬಿಟ್ಟ ದಿನ ಅವನು ಯಾವ ನೆಪವನ್ನೂ ಹೇಳಲಿಲ್ಲ. ಅಷ್ಟು ದೊಡ್ಡ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲೆ ಮಲಗಿಸಿದ. ಮೈ ಕೆಂಡವಾಗಿತ್ತು. ಆಕೆ ಸೂಜಿ ತೆಗೆದುಕೊಂಡು ಕಿವಿ ಮುಟ್ಟಿದ್ದೇ ತಡ, ಸಾಹೇಬ ಕುಂಯ್‌ಗುಡುತ್ತ ಅವನ ಕಂಕುಳಲ್ಲಿ ಮುಖ ಹುದುಗಿಸಿದ. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೇರೆ ಕಡೆಯಿಂದ ತೆಗೆಯಲಾಗದೇ ಎಂದು ಕೇಳಿದ.

ಮುಚ್ಚಿದ ಆ ಕಣ್ಣುಗಳನ್ನು ಆಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದಳು. ಆಮೇಲೆ ಮುಂಗಾಲಿನ ಕೂದಲು ಬೋಳಿಸಿ ಅಲ್ಲಿಂದ ರಕ್ತ ತೆಗೆದಳು.

ಗಾಜನ್ನು ಮೂಲೆಯಿಂದ ಮೂಲೆಗೆ ಹುಡುಕಿದಳು. ಏನೂ ಕಾಣಲಿಲ್ಲ. ರಕ್ತ ಶುದ್ಧವಾಗಿದೆ, ಹೊಟ್ಟೆಯ ಸೋಂಕಿರಬೇಕು ಎಂದು ಹೇಳಿ ಮಾತ್ರೆ ಬರೆದುಕೊಟ್ಟಳು. ಅವನ ಮುಖದಲ್ಲಿ ಮೂಡಿದ ಸಮಾಧಾನ ನೋಡಿ ಆಕೆಗೆ ಎದೆ ತುಂಬಿ ಬಂತು.

ಅಂದು ಸಂಜೆ ಅಂಗಡಿಯ ಮೇಲಿನ ಮನೆಗೆ ಅವನ ಅಮ್ಮ ಆಕೆಯನ್ನು ಚಹಾಕ್ಕೆ ಕರೆಸಿಕೊಂಡರು. ಅಮ್ಮನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಎಲ್ಲರಿಗೂ ಹೀಗೇ ಬೈಯುತ್ತೀಯೋ ನನ್ನ ಮಗನಿಗೆ ಮಾತ್ರವೋ. ಅವನು ಕಿವಿ ಕೆಂಪಗೆ ಮಾಡಿಕೊಂಡು ಆಕೆಯ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದ. ಬೆರಳು ತಾಕಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೇಜಿನ ಕೆಳಗೆ ಸಾಹೇಬ ಆಕೆಯ ಪಾದದ ಮೇಲೆ ಗದ್ದ ಊರಿ ಮಲಗಿದ್ದ. ಗದ್ದ ಬಿಸಿಯಾಗಿತ್ತು. ಮಾತ್ರೆ ಹಿಡಿದ ಮೇಲೆ ಜ್ವರ ಇಳಿಯುತ್ತದೆ ಎಂದುಕೊಂಡು ಆಕೆ ಸುಮ್ಮನಾದಳು.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ, ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅವನು ನಾಯಿಯನ್ನು ಎತ್ತಿಕೊಂಡು ನಿಂತಿದ್ದ. ಸಾಹೇಬನ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿತ್ತು, ಅದರಲ್ಲೂ ಅರಿಶಿನದ ಛಾಯೆ. ಆಕೆ ಯಾರನ್ನೂ ಕೇಳದೆ ಕಿವಿಯ ತುದಿಗೆ ಚುಚ್ಚಿದಳು. ಈ ಸಲ ಸಾಹೇಬ ಕುಂಯ್ ಎನ್ನಲಿಲ್ಲ. ಅದರಿಂದಲೇ ಆಕೆಗೆ ಹೆಚ್ಚು ಭಯವಾಯಿತು.

ಮೈಕ್ರೋಸ್ಕೋಪಿನಡಿ ಎಲ್ಲವೂ ಸ್ಪಷ್ಟವಾಗಿತ್ತು. ಕೆಂಪು ರಕ್ತಕಣಗಳೊಳಗೆ ಹನಿಯಾಕಾರದ ಚುಕ್ಕಿಗಳು, ಎರಡೆರಡು, ತುದಿಗೆ ತುದಿ ತಾಗಿಸಿಕೊಂಡು ಕೂತಿದ್ದವು. ಉಣ್ಣಿ ಬಿಟ್ಟುಹೋದ ಕ್ರಿಮಿ. ಇವತ್ತು ಇಷ್ಟು ತುಂಬಿಕೊಂಡಿದ್ದರೆ, ಅವತ್ತು ಕಿವಿಯ ಹನಿಯಲ್ಲಿ ಒಂದಾದರೂ ಸಿಗದೆ ಹೋಗುತ್ತಿತ್ತೇ? ನೋಡಬೇಕಾದ್ದೆಲ್ಲ ನೋಡಿ ಮುಗಿದರೂ ಆಕೆ ಕಣ್ಣು ಮೇಲೆತ್ತಲಿಲ್ಲ. ಎತ್ತಿದರೆ ಅವನ ಮುಖ ನೋಡಬೇಕಾಗಿತ್ತು.

ಇಂಜೆಕ್ಷನ್ ಕೊಟ್ಟಳು. ಕ್ಲಿನಿಕ್ಕಿನ ಕಾಂಪೌಂಡರ್ ತಮ್ಮ ಮನೆಯ ದೊಡ್ಡ ನಾಯಿಯನ್ನು ಕರೆತಂದರು. ಅದರ ರಕ್ತವನ್ನು ಪರೀಕ್ಷಿಸಿ ಸಾಹೇಬನಿಗೆ ಏರಿಸಿದ್ದಾಯಿತು. ಅಮ್ಮ ಕಂಬಳಿ ತಂದು ಹೊದಿಸಿ, ನೀನಿದ್ದೀಯಲ್ಲ ಮಗಳೇ, ಅದೇ ನಮಗೆ ಧೈರ್ಯ ಎಂದು ಆಕೆಯ ಕೆನ್ನೆ ಸವರಿ ಹೋದರು. ಆಕೆ ಕೈತೊಳೆಯುವ ಜಾಗಕ್ಕೆ ಹೋಗಿ ತುಂಬಾ ಹೊತ್ತು ಕೈ ತೊಳೆದಳು.

ಮಧ್ಯಾಹ್ನ ಕ್ಲಿನಿಕ್ಕು ಖಾಲಿಯಾಗಿತ್ತು. ಅವನು ಸಾಹೇಬನ ಬೆನ್ನ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕೂತಿದ್ದ. ಆಕೆಯ ಕೈ ಮೇಜಿನ ಅಂಚಿನಲ್ಲಿತ್ತು. ಅವನು ಇನ್ನೊಂದು ಕೈಯನ್ನು ಅದರ ಮೇಲಿಟ್ಟ.

"ಇವನಿಗೆ ಏನೇ ಆಗ್ಲಿ, ನೀವು ಕೈಲಾದ್ದೆಲ್ಲ ಮಾಡಿದ್ದೀರಿ ಅಂತ ನಂಗೊತ್ತು. ಇದು ಹೇಳೋ ಹೊತ್ತಲ್ಲ, ಆದ್ರೂ ಹೇಳ್ತೀನಿ. ನಂಗೆ ನೀವು ಬೇಕು."

ಎಷ್ಟೋ ದಿನದಿಂದ ಈ ಮಾತಿಗಾಗಿ ಆಕೆ ಜೀವ ಹಿಡಿದುಕೊಂಡಿದ್ದಳು. ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ಆಕೆಯದಾಗುತ್ತಿತ್ತು. ಅವತ್ತು ಎಲ್ಲಿಂದ ರಕ್ತ ತೆಗೆದಿದ್ದರಿಂದ ಏನಾಯಿತು ಎಂದು ಈ ಭೂಮಿಯ ಮೇಲೆ ಆಕೆಯೊಬ್ಬಳಿಗೇ ಗೊತ್ತು. ಆದರೆ ಕೈಲಾದ್ದೆಲ್ಲ ಮಾಡಿದ್ದೀರಿ ಎಂಬ ಮಾತನ್ನು ನುಂಗಿಕೊಂಡು ಅವನ ಮನೆಯಲ್ಲಿ ಚಹಾ ಕುಡಿಯುವುದು ಹೇಗೆ? ಆಕೆ ಕೈ ಬಿಡಿಸಿಕೊಂಡಳು.

"ಮಾಡಿಲ್ಲ," ಎಂದಳು. "ಅವತ್ತು ಕಿವಿಯಿಂದ್ಲೇ ರಕ್ತ ತೆಗೀಬೇಕಿತ್ತು. ತೆಗ್ದಿದ್ರೆ ಅವತ್ತೇ ಕಾಣ್ತಿತ್ತು."

ಅವನು ಸಾಹೇಬನ ಬೋಳಿಸಿದ ಮುಂಗಾಲನ್ನು ನೋಡಿದ. ಕಾಲಿನಿಂದ ತೆಗೆಸಿದ್ದು ನಾನೇ ಅಲ್ಲವೇ, ತಪ್ಪು ನನ್ನದೇ ಎಂದ.

"ನಿಮ್ದಲ್ಲ. ದಿನಾ ಯಾರಾದ್ರೂ ಬೇಡ ಅಂತಾನೇ ಇರ್ತಾರೆ. ನಾನು ಯಾರ ಮಾತೂ ಕೇಳಲ್ಲ. ನಿಮ್ಮ ಮಾತು ಕೇಳ್ಬಿಟ್ಟೆ. ನೀವು ಹಾಗೆ ಕಣ್ಣು ಮುಚ್ಕೊಂಡು ನಿಂತಿದ್ದು ನನ್ನ ಕೈಲಿ ನೋಡಕ್ಕಾಗ್ಲಿಲ್ಲ. ಯಾಕೆ ಅಂತ ನಿಮಗೆ ಗೊತ್ತಿಲ್ದೆ ಇಲ್ಲ."

ಅವನು ನಾಯಿಯನ್ನು ನೋಡಿದ, ಆಕೆಯನ್ನು ನೋಡಿದ. ಅವತ್ತೇ ಗೊತ್ತಾಗಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದ. ಖಂಡಿತ ಎಂದು ಹೇಳಲಾರೆ, ಆದರೆ ಉಳಿಯುವ ಸಾಧ್ಯತೆ ಇವತ್ತಿಗಿಂತ ಎಷ್ಟೋ ಹೆಚ್ಚಿತ್ತು ಎಂದು ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಸ್ಟೂಲನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡು ಕೂತ.

ಸಂಜೆಯ ಬೆಳಕು ಇರುವಾಗಲೇ ಸಾಹೇಬ ಹೋಗಿಬಿಟ್ಟ. ಒಂದು ಉಸಿರು ಎಳೆದ, ಮುಂದಿನದನ್ನು ಎಳೆಯಲಿಲ್ಲ. ಅವನು ಕಂಬಳಿ ಸಮೇತ ಎತ್ತಿಕೊಂಡ. ಆಕೆ ಬಾಗಿಲು ಹಿಡಿದು ನಿಂತಳು. ಅವನು ಆಕೆಯ ಕಡೆ ಕಣ್ಣೆತ್ತಿಯೂ ನೋಡದೆ ದಾಟಿಹೋದ.

ಆಮೇಲೆ ಬಂದ ದಿನಗಳಲ್ಲಿ ಆಕೆ ಮತ್ತೆ ಸೂಜಿ ಮೇಡಂ ಆದಳು. ವಾಚಿನ ಅಂಗಡಿಯ ಬೀದಿಯನ್ನು ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುವಳು. ಊಟದ ಡಬ್ಬಿ ಮುಚ್ಚಿದಂತೆಯೇ ಮನೆಗೆ ವಾಪಸಾಗುತ್ತಿತ್ತು. ಒಂದು ನಾಯಿಯ ಜೀವವನ್ನೂ ಒಬ್ಬ ಮನುಷ್ಯನನ್ನೂ ಒಟ್ಟಿಗೆ ಕಳೆದುಕೊಂಡಿದ್ದಳು, ಯಾವುದಕ್ಕೆ ಅಳುತ್ತಿದ್ದೇನೆ ಎಂದು ಆಕೆಗೇ ತಿಳಿಯುತ್ತಿರಲಿಲ್ಲ. ಒಮ್ಮೆ ತರಕಾರಿ ಅಂಗಡಿಯ ಮುಂದೆ ಅವನ ಅಮ್ಮ ಎದುರಾದರು. "ಅವನಿಗೆ ನಿನ್ನ ಮೇಲೆ ಕೋಪ ಕಣಮ್ಮ. ನಂಗೂ ಇದೆ," ಎಂದರು. ಹಾಗೆಂದವರೇ ಆಕೆಯ ಹೆಗಲಿನಿಂದ ಜಾರುತ್ತಿದ್ದ ಚೀಲವನ್ನು ಸರಿಮಾಡಿ, ಇಷ್ಟು ಸೊರಗಿದರೆ ಹೇಗೆ ಎಂದು ಗದರಿಸಿ ಹೋದರು.

ಒಂದು ಸಂಜೆ ಆಕೆ ಹೊರಗಿನ ಕೋಣೆಗೆ ಇಣುಕಿದಾಗ ಬೆಂಚಿನ ಮೇಲೆ, ಒಂದು ಬೆಕ್ಕಿನ ಬುಟ್ಟಿಗೂ ಒಂದು ಮುದಿ ನಾಯಿಗೂ ನಡುವೆ, ಅವನು ಕೂತಿದ್ದ. ಕೈಯಲ್ಲಿ ಯಾವ ಪ್ರಾಣಿಯೂ ಇರಲಿಲ್ಲ. ಆಕೆ ಬೆಕ್ಕನ್ನು ನೋಡಿದಳು, ಮುದಿ ನಾಯಿಯನ್ನೂ ನೋಡಿದಳು. ಅವುಗಳನ್ನು ತಂದವರು ಹೋದ ಮೇಲೆ ಹೊರಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ನಾನು ಕ್ಷಮಿಸಕ್ಕೆ ಬಂದಿಲ್ಲ," ಎಂದ ಅವನು.

ಗೊತ್ತು ಎಂದಳು ಆಕೆ.

"ಬೆಳಿಗ್ಗೆ ಅಂಗಡಿ ತೆಗೆದ್ರೆ ಬಾಗಿಲು ಖಾಲಿ. ನಿಮ್ಮ ಮೇಲೆ ಎಲ್ಲಿಲ್ಲದ ಕೋಪ ಬರುತ್ತೆ. ಯಾರ ಹತ್ರ ಹೇಳ್ಕೊಳ್ಳಲಿ? ಅಮ್ಮನ ಹತ್ರ ಹೋದ್ರೆ ಅವಳೇ ಅಳ್ತಾಳೆ. ಇನ್ಯಾರ ಹತ್ರನಾದ್ರೂ ಹೇಳೋಣ ಅಂದ್ರೆ, ಅವ್ರು ನಿಮ್ಮನ್ನ ಕೆಟ್ಟವಳು ಅಂದ್ಬಿಡ್ತಾರೆ. ಅದು ನಂಗೆ ಸಹಿಸಕ್ಕಾಗಲ್ಲ."

ಆಕೆ ಕಣ್ಣೊರೆಸಿಕೊಳ್ಳಲಿಲ್ಲ. ನನ್ನ ಹತ್ತಿರವೇ ಹೇಳಿ ಎಂದಳು.

ಅವನು ಹೇಳಿದ. ಅಂಗೈ ಅಗಲದ ಮರಿಯಾಗಿ ಸಾಹೇಬ ಮನೆಗೆ ಬಂದಲ್ಲಿಂದ ಶುರು ಮಾಡಿ, ಆ ಕೊನೆಯ ಮಧ್ಯಾಹ್ನದವರೆಗೆ ಹೇಳಿದ. ನಡುನಡುವೆ ಬೈದ, ಧ್ವನಿ ಒಡೆದು ನಿಲ್ಲಿಸಿದ, ಮತ್ತೆ ಬೈದ. ಆಕೆ ಒಂದಕ್ಕೂ ಸಮಜಾಯಿಷಿ ಕೊಡಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೂ ಅವನು ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ನಡುವೆ ಉಳಿದಿದ್ದ ಜಾಗದಲ್ಲಿ ಅಂಗೈ ಮೇಲೆ ಮಾಡಿ ಕೈಯಿಟ್ಟ. ಆಕೆ ಹೆದರಿ ಹೆದರಿ ಅದರೊಳಗೆ ತನ್ನ ಕೈಯಿಟ್ಟಳು.

"ನಾಳೇನೂ ಕೋಪ ಇರುತ್ತೆ," ಎಂದ ಅವನು, ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು.

"ನಾಳೇನೂ ಬನ್ನಿ," ಎಂದಳು ಆಕೆ.